ಯಾರ ಹಾದಿ, ಯಾರಿಂದ ಬಿದ್ದದ್ದು

ಶಿಕಾರಿಪುರ, ಸೋಮವಾರ

ಕುಬಟೂರಿನ ತಮ್ಮ ಭೀಮಣ್ಣನಿಗೆ ಅಣ್ಣನ ಆಶೀರ್ವಾದಗಳು.

ಬೀಗರಾದ ಗುಡ್ಡಪ್ಪನವರ ಮನೆಯಲ್ಲಿ ಕ್ಷೇಮವಾಗಿದ್ದೇನೆ. ಇಲ್ಲಿ ಫುಟ್‌ಪಾತನ್ನೂ ತಮ್ಮ ಅಂಗಳವೆಂದೇ ಭಾವಿಸಿ ಬೆಳಿಗ್ಗೆ ತೊಳೆಯುತ್ತಾರೆ. ಬೀಗರಂತೂ ಅದಕ್ಕೆ ನುಣುಪಾದ ಟೈಲ್ಸ್ ಹಾಕಿಸಿದ್ದಾರೆ. ಮೊನ್ನೆ ಮೊಸರು ಮಾರುವ ಸುಂಕಲಮ್ಮ ಅಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು.

"ನಿಮ್ ಬಾಗ್ಲಾಗೆ ಬಿದ್ದೀನಿ, ಆಸ್ಪತ್ರೆಗೆ ನೀವೇ ಕರ್ಕೊಂಡ್ ಹೋಗ್ರೀ" ಎಂದಳು.

"ಫುಟ್‌ಪಾತು ಪುರಸಭೇದು, ನಮ್ದಲ್ಲ. ಹೌದಲ್ರೀ ಮೇಷ್ಟ್ರೇ?" ಎಂದು ಬೀಗರು ನನ್ನತ್ತ ತಿರುಗಿದರು.

ಉಣ್ಣುತ್ತಿರುವುದು ಅವರ ಮನೆಯಲ್ಲಿ. ಆದರೂ ತಪ್ಪು ಪ್ರಯೋಗವನ್ನು ಒಪ್ಪಲಾಗಲಿಲ್ಲ. "ಹಾದಿ ಯಾರದು ಎಂಬುದು ಷಷ್ಠೀ ವಿಭಕ್ತಿ. ಯಾವುದರಿಂದ ಬಿದ್ದಳು ಎಂಬುದು ತೃತೀಯಾ. ಹಾದಿ ಪುರಸಭೆಯದು, ಬಿದ್ದದ್ದು ನಿಮ್ಮ ಟೈಲ್ಸಿನಿಂದ, ನಿಮ್ಮ ನೀರಿನಿಂದ" ಎಂದೆ.

"ಪಾಠ ಆಮ್ಯಾಗೆ ಮಾಡ್ರೀ, ಮೊದ್ಲು ಆಟೋ ಕರೀರಿ!" ಎಂದು ಸುಂಕಲಮ್ಮ ಗದರಿದಳು.

ಬೀಗರು ಆಟೋ ಕರೆದು ಆಕೆಯೊಡನೆ ಆಸ್ಪತ್ರೆಗೆ ಹೋದರು. ನನ್ನೊಡನೆ ಇನ್ನೂ ಸರಿಯಾಗಿ ಮಾತನಾಡಿಲ್ಲ. ಟೈಲ್ಸನ್ನು ಮಾತ್ರ ಕೀಳಿಸುತ್ತಿದ್ದಾರೆ. ನನ್ನ ಮಂಡಿನೋವು ಕಡಿಮೆಯಾಗಿದೆ, ಚಿಂತಿಸಬೇಡ.

ಅಂಚೆ ಕಾರ್ಡು ತುಂಬುತ್ತ ಬಂತು. ಇಂದು ಮೊಸರಿನ ಗಡಿಗೆ ಬೀಗರ ಸ್ಕೂಟರಿನಲ್ಲಿ ಹೊರಟಿತು. ಕೈಗೆ ಪಟ್ಟಿ ಕಟ್ಟಿಕೊಂಡ ಸುಂಕಲಮ್ಮ ಬೀಗರ ಹಿಂದೆ ಕುಳಿತು "ಮೊಸರೂ" ಎಂದು ಕೂಗುತ್ತಿದ್ದಳು.

ಅಣ್ಣ, ಕೆಂಪಪ್ಪ