ನಮ್ಮವ್ವ ಸತ್ತಿಲ್ರಿ, ಅಕ್ಕಾರ

ಅಪ್ಪಾಜಿ,

ನೀವು ಹೋದ ಮೇಲೆ ಮನಸ್ಸಿನಲ್ಲೇ ನಿಮ್ಮ ಜೊತೆ ಎಷ್ಟೋ ಮಾತಾಡಿದ್ದೇನೆ. ಆಫೀಸಿನ ಜಗಳ, ಅವ್ವನ ಮೊಣಕಾಲು ನೋವು, ಎಲ್ಲ. ಇದನ್ನು ಮಾತ್ರ ಹಾಗೆ ಹೇಳಿ ಮುಗಿಸಲಾಗುತ್ತಿಲ್ಲ. ಅವ್ವನಿಗೂ ಪೂರ್ತಿ ಹೇಳಿಲ್ಲ. ಹೇಳಿದರೆ ಅವಳು ಮೊದಲು ಕೇಳುವ ಪ್ರಶ್ನೆ ಯಾವುದೆಂದು ನನಗೆ ಗೊತ್ತು: "ನಿಮ್ಮಪ್ಪಗ ಗೊತ್ತಿತ್ತೇನ?" ಉತ್ತರ ನನ್ನ ಹತ್ತಿರ ಇಲ್ಲ. ನಿಮ್ಮನ್ನೇ ಕೇಳಬೇಕು.

ಪ್ರತಿ ಜನವರಿಯಲ್ಲಿ, ನಾಂಪಲ್ಲಿಯ ಎಕ್ಸಿಬಿಷನ್‌ಗೆ ಯಾವತ್ತು ಹೋಗೋಣ ಎಂದು ನಾನು ನಿಮ್ಮ ಬೆನ್ನು ಹತ್ತಿರುವಾಗಲೇ, ನಮ್ಮ ಹಿಮಾಯತ್‌ನಗರದ ಬೀದಿಯ ಚರ್ಚಿನ ಪಾದ್ರಿಗಳು ಬಾಗಿಲಿಗೆ ಬರುತ್ತಿದ್ದರು. "ಸಾಬ್, ಹಮಾರೆ ಮೆಹಮಾನ್ ಆ ಗಯೇ", ನಮ್ಮ ಅತಿಥಿಗಳು ಬಂದರು, ಎಂದು ನಗುತ್ತಿದ್ದರು. ಹೊರದೇಶದ ಒಂದು ಚರ್ಚಿನಿಂದ ಸ್ವಂತ ಖರ್ಚಿನಲ್ಲಿ, ರಜೆ ಹಾಕಿ ಬರುತ್ತಿದ್ದ ಸ್ವಯಂಸೇವಕರ ತಂಡ ಅದು. ಹೈದರಾಬಾದಿನ ಹೊರಗಿನ ಅನಾಥಾಶ್ರಮದಲ್ಲಿ ಕೆಲವು ದಿನ ಗೋಡೆಗೆ ಬಣ್ಣ ಬಳಿದು, ಮಕ್ಕಳ ಹಲ್ಲು ನೋಡಿ, ಹಾಡು ಕಲಿಸಿ, ಅಳುತ್ತ ವಾಪಸ್ ಹೋಗುತ್ತಿದ್ದರು. ಅವರ ಇಂಗ್ಲಿಷನ್ನು ತೆಲುಗಿಗೆ, ಮಕ್ಕಳ ತೆಲುಗನ್ನು ಇಂಗ್ಲಿಷಿಗೆ ಮಾಡುವವರು ನೀವು. ಅವ್ವ ಗೊಣಗುತ್ತಿದ್ದಳು, "ಅವರ ದೇವರಿಗೆ ನಿಮ್ಮ ಮಾತು ಯಾಕ ಬೇಕ್ರಿ?" ನೀವು ಚಪ್ಪಲಿ ಮೆಟ್ಟುತ್ತಲೇ ಅನ್ನುತ್ತಿದ್ದಿರಿ, "ದೇವರಿಗಲ್ಲ, ಕೂಸುಗಳಿಗೆ ಬೇಕು. ನಾ ಏನೂ ಮಾಡಂಗಿಲ್ಲ. ಆ ಕಡಿ ಮಾತು ಈ ಕಡಿ ದಾಟಸ್ತೀನಿ, ಅಷ್ಟ."

ಈ ಜನವರಿಯಲ್ಲಿ ಪಾದ್ರಿಗಳು ಬಂದು ನಿಮ್ಮ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಬೇಟಿ, ಈ ಸಲ ನೀನು ಬರ್ತೀಯಾ?" ಎಂದರು. ಮಾತು ದಾಟಿಸುವುದಷ್ಟೇ ಅಲ್ಲವೇ, ಒಪ್ಪಿಕೊಂಡೆ. ನಿಜ ಹೇಳಲೇ? ನೀವು ಅಷ್ಟು ಪ್ರೀತಿಯಿಂದ ಹೋಗುತ್ತಿದ್ದ ಜಾಗ ನೋಡಬೇಕಿತ್ತು. ಅಲ್ಲಿ ತಂಡದ ಮುಖ್ಯಸ್ಥೆ ರೂತ್, ನಿಮಗೆ ಗೊತ್ತಲ್ಲ, ನಿವೃತ್ತ ನರ್ಸ್, ನೀವಿಲ್ಲ ಎಂದು ಕೇಳಿ ನನ್ನ ಎರಡೂ ಕೈ ಹಿಡಿದು ಅತ್ತರು. ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವುದರಲ್ಲಿ ನೀನೂ ನಿಮ್ಮಪ್ಪನ ಹಾಗೇ ಎಂದರು. ನನಗೇ ಅದು ಗೊತ್ತಿರಲಿಲ್ಲ.

ಸ್ವಾಗತ ಕಾರ್ಯಕ್ರಮದಲ್ಲಿ ಹಳದಿ ಫ್ರಾಕಿನ ಒಂದು ಹುಡುಗಿ ವೇದಿಕೆ ಹತ್ತಿದಳು. ಎಂಟು ವರ್ಷ ಇರಬಹುದು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಆಶ್ರಮ ನಡೆಸುವವನನ್ನು ಎಲ್ಲರೂ ಅನ್ನಯ್ಯ, ಅಂದರೆ ಅಣ್ಣ, ಎನ್ನುತ್ತಾರಲ್ಲ, ಆತ ಮೆಲ್ಲಗೆ ಅವಳ ಬೆನ್ನು ತಟ್ಟಿದ. ಹುಡುಗಿ ಕೈ ಜೋಡಿಸಿ ಒಂದೇ ಉಸಿರಿನಲ್ಲಿ ಹೇಳಿದಳು: "ನಾಕು ಅಮ್ಮ ಲೇದು, ನಾನ್ನ ಲೇಡು. ನಾಕೆವರೂ ಲೇರು." ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಈ ಮಗುವಿಗೆ ತಾಯಿ ಇಲ್ಲ, ತಂದೆ ಇಲ್ಲ, ಯಾರೂ ಇಲ್ಲ. ಮುಂದಿನ ಸಾಲಿನಲ್ಲಿದ್ದವರೆಲ್ಲ ಕಣ್ಣು ಒರೆಸಿಕೊಂಡರು. ಅಪ್ಪಾಜಿ ಇದ್ದಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದರು ಎಂದುಕೊಂಡೆ. ಎಂದುಕೊಂಡೆನಲ್ಲ...

ಊಟದ ಹೊತ್ತಿಗೆ ಅವ್ವನ ಫೋನು ಬಂತು. ಗ್ಯಾಸಿನವನು ಬಂದಿದ್ದಾನೆ, ಸಿಲಿಂಡರ್ ಎಲ್ಲಿಡಿಸಲಿ ಎಂದು. ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಕನ್ನಡದಲ್ಲಿ ಜೋರಾಗಿ ಹೇಳಿ ಫೋನ್ ಇಟ್ಟೆ. ತಿರುಗಿ ನೋಡಿದರೆ ಆ ಹಳದಿ ಫ್ರಾಕಿನ ಹುಡುಗಿ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.

"ಅಕ್ಕಾರ, ನೀವು ನಮ್ಮ ಮಾತು ಆಡ್ತೀರೇನ್ರಿ?"

ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ಬಗ್ಗಿ ಕೇಳಿದೆ, "ಹೌದವ್ವ. ನಿಂದು ಯಾವ ಊರು? ಹೆಸರೇನು?"

"ಭಾಗ್ಯಾರಿ. ಯಾದಗಿರಿ ಕಡೀರಿ."

"ಇಲ್ಲಿಗೆ ಯಾರು ಕರಕೊಂಡು ಬಂದ್ರು?"

"ನಮ್ಮವ್ವ."

"ಆಮ್ಯಾಲ ಅವ್ವ ತೀರಿಕೊಂಡಳೇನು?"

ಅವಳು ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನಮ್ಮವ್ವ ಸತ್ತಿಲ್ರಿ, ಅಕ್ಕಾರ. ಮಿಯಾಪುರದಾಗ ಬಿಲ್ಡಿಂಗ್ ಕೆಲಸ ಮಾಡಾಕತ್ತಾಳ. ಹಂಗ ಅನ್ನು ಅಂತ ಹೇಳಿಕೊಟ್ಟಾರ. ಅನ್ನಲಿಲ್ಲಂದ್ರ ಅವ್ವ ಬಂದಾಗ ಗೇಟ್ ತೆಗಿಯಂಗಿಲ್ಲ ಅಂದಾರ."

ತಟ್ಟೆಯನ್ನು ಎಲ್ಲಿಟ್ಟೆನೋ ನೆನಪಿಲ್ಲ. ಆಗ ತಾನೇ, ಅಷ್ಟು ಜನರ ಮುಂದೆ, ಮೈಕು ಹಿಡಿದು, ಬದುಕಿರುವ ಒಬ್ಬ ಹೆಂಗಸನ್ನು ನಾನೇ ಸಾಯಿಸಿದ್ದೆ. ಮುಂದಿನ ಕ್ಷಣವೇ ನಿಮ್ಮ ನೆನಪಾಯಿತು. ಇದೇ ವೇದಿಕೆ, ಇದೇ ಮಾತು, ಎಷ್ಟು ವರ್ಷ... ಅಪ್ಪಾಜಿ, ನಿಮ್ಮ ಬಾಯಿಂದ ಎಷ್ಟು ತಾಯಂದಿರು?

ಅನ್ನಯ್ಯನನ್ನು ಒಂದು ಪಕ್ಕಕ್ಕೆ ಕರೆದು ಕೇಳಿದೆ. ಗಾಬರಿಯಾಗುತ್ತಾನೆ, ಇಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಆತ ಟವೆಲ್ಲಿನಿಂದ ಶಾಂತವಾಗಿ ಕೈ ಒರೆಸಿಕೊಂಡ. "ಅಮ್ಮಾ, ತಾಯಿ ಇದ್ದಾಳೆ ಅಂದರೆ ಇವರಿಗೆ ಯಾರಾದರೂ ಅನ್ನ ಹಾಕ್ತಾರಾ? ತಾಯಿ ಇದ್ದವರನ್ನ ನೋಡೋಕೆ ಅಷ್ಟು ದೂರದಿಂದ ಯಾರು ಬರ್ತಾರೆ? ಮಕ್ಕಳು ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ, ಶಾಲೆಗೆ ಹೋಗುತ್ತಿದ್ದಾರೆ. ಒಂದು ಮಾತಿನಿಂದ ಯಾರಿಗೆ ಏನು ನಷ್ಟ?" ಎಂದ. ಆಮೇಲೆ ನಗುತ್ತಲೇ ಸೇರಿಸಿದ: "ನಿಮ್ಮ ನಾನ್ನಗಾರು ಇಷ್ಟು ವರ್ಷ ಬಂದರು. ದೊಡ್ಡ ಮನುಷ್ಯ. ಒಂದು ದಿನವೂ ನನ್ನನ್ನು ಹೀಗೆ ಕೇಳಲಿಲ್ಲ."

ರೂತ್ ಅಂಗಳದಲ್ಲಿ ಮಕ್ಕಳ ಜೊತೆ ಚೆಂಡಾಡುತ್ತಿದ್ದರು. ನಾನು ಹೇಳಿದಾಗ ಮೊದಲು ನಂಬಲಿಲ್ಲ, ಭಾಷೆಯಲ್ಲಿ ಏನೋ ತಪ್ಪು ತಿಳಿದಿರಬೇಕು ಎಂದರು. ಅದು ನನ್ನ ಮನೆಯ ಭಾಷೆ, ತಪ್ಪು ತಿಳಿಯುವುದಕ್ಕೆ ಸಾಧ್ಯವೇ ಇಲ್ಲ ಎಂದೆ. ಅವರು ಜೋಕಾಲಿಯ ಮೇಲೆ ಕೂತುಬಿಟ್ಟರು. ಚೆಂಡಾಡುತ್ತಿದ್ದ ಮಕ್ಕಳನ್ನು ನೋಡುತ್ತ ಹೇಳಿದರು, "ಈ ಮಕ್ಕಳಿಗಾಗಿ ದಿನವೂ ಪ್ರಾರ್ಥನೆ ಮಾಡಿದ್ದೇನೆ. ಇವರ ತಾಯಂದಿರಿಗಾಗಿ ಒಂದು ದಿನವೂ ಮಾಡಲಿಲ್ಲ. ಅವರು ಇಲ್ಲವೇ ಇಲ್ಲ ಅಂದುಕೊಂಡಿದ್ದೆನಲ್ಲ."

ಮರುದಿನ ಬೆಳಿಗ್ಗೆ ನಾವಿಬ್ಬರೂ ಅಮೀರ್‌ಪೇಟೆಯಲ್ಲಿ ಮೆಟ್ರೋ ಹತ್ತಿ ಮಿಯಾಪುರಕ್ಕೆ ಹೋದೆವು. ಏಳುತ್ತಿರುವ ಕಟ್ಟಡಗಳ ಹಿಂದೆ ತಗಡಿನ ಶೆಡ್ಡುಗಳ ಸಾಲು. ಒಳಗೆ ಕಾಲಿಟ್ಟರೆ ಎಲ್ಲ ಕಡೆ ಕನ್ನಡ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನನಗೆ ಇಲ್ಲಿ ಇಷ್ಟು ಕನ್ನಡ ಇದೆ ಎಂದು ಗೊತ್ತೇ ಇರಲಿಲ್ಲ. ಯಾದಗಿರಿ ಕಡೆಯ ಭಾಗ್ಯಳ ತಾಯಿ ಯಾರೆಂದು ಅಲ್ಲಿ ಇಲ್ಲಿ ಕೇಳುತ್ತ ಹೋದಾಗ ಒಬ್ಬಳು ಬುಟ್ಟಿ ಇಳಿಸಿ ಹತ್ತಿರ ಬಂದಳು. ರೆಪ್ಪೆಯ ಕೂದಲಿಗೂ ಸಿಮೆಂಟಿನ ಪುಡಿ ಅಂಟಿತ್ತು.

"ನಾನ ಮಲ್ಲಮ್ಮ. ಭಾಗ್ಯಾನ ತಾಯಿ. ನನ್ನ ಮಗಳಿಗೆ ಏನಾತ್ರಿ?"

ಏನೂ ಆಗಿಲ್ಲ, ಚೆನ್ನಾಗಿದ್ದಾಳೆ ಎಂದೆ. ಆಮೇಲೆ ಉಳಿದದ್ದನ್ನು ಹೇಳಿದೆ. ಹೇಗೆ ಹೇಳಿದೆನೋ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅರ್ಥವಾಗದವಳಂತೆ ನನ್ನ ಮುಖವನ್ನೇ ನೋಡಿದಳು.

"ನಾ ಸತ್ತೀನಿ ಅಂತ ಹೇಳಸ್ತಾರ? ನನ್ನ ಕೂಸಿನ ಬಾಯಿಲೇ?"

ಪಕ್ಕದವಳು ಅವಳ ರಟ್ಟೆ ಹಿಡಿದುಕೊಂಡಳು. ಮಲ್ಲಮ್ಮ ಮುಂದುವರಿಸಿದಳು, "ಹಾಸ್ಟೆಲ್ ಅಂದ್ರು. ಸಾಲಿ ಕಲಸ್ತೀವಿ ಅಂದ್ರು. ಗಂಡ ಇಲ್ಲದಾಕಿ ನಾ. ಈ ಶೆಡ್ಡಿನಾಗ ಹೆಣ್ಣು ಕೂಸಿನ ಒಂದ ಬಿಟ್ಟು ಹೆಂಗ ಮ್ಯಾಲ ಕೆಲಸಕ್ಕ ಹತ್ತಲಿ? ಅದಕ್ಕ ಬಿಟ್ಟೆ. ನೋಡಾಕ ಹೋದ್ರ ಒಮ್ಮೆ ಪರೀಕ್ಷೆ ಐತಿ ಅಂತಾರ, ಒಮ್ಮೆ ಮಲಗ್ಯಾಳ ಅಂತಾರ. ಗೇಟಿನಿಂದಲೇ ಹೊಳ್ಳಿ ಬಂದೀನ್ರಿ. ಓದಾಕತ್ತಾಳ, ಇರಲಿ ಅಂತ."

ಅವಳೇನು ಹೇಳುತ್ತಿದ್ದಾಳೆ ಎಂದು ರೂತ್ ನನ್ನ ತೋಳು ಮುಟ್ಟಿದರು. ನೀವಾಗಿದ್ದರೆ ಹೇಗೆ ದಾಟಿಸುತ್ತಿದ್ದಿರಿ? ಕೊನೆಗೆ ಇಷ್ಟೇ ಹೇಳಿದೆ: "ನಾನು ಸತ್ತಿದ್ದೇನಾ ಎಂದು ಕೇಳುತ್ತಿದ್ದಾಳೆ." ರೂತ್ ಅವಳ ಸಿಮೆಂಟಿನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು ತಲೆ ತಗ್ಗಿಸಿ ನಿಂತರು.

ಮಲ್ಲಮ್ಮ ಮುಖ ತೊಳೆದು, ಬೇರೆ ಸೀರೆ ಉಟ್ಟು, ನಮ್ಮ ಜೊತೆಗೇ ಹೊರಟಳು. ರೂತ್ ಇದ್ದುದರಿಂದ ಆಶ್ರಮದ ಗೇಟು ತಡೆಯಿಲ್ಲದೆ ತೆರೆಯಿತು. ಅಂಗಳದಲ್ಲಿ ಮಕ್ಕಳು ಹಾಡು ಕಲಿಯುತ್ತಿದ್ದರು. ಭಾಗ್ಯ ತಾಯಿಯನ್ನು ನೋಡಿದಳು. ಆದರೆ ಓಡಿ ಬರಲಿಲ್ಲ, ಅಪ್ಪಾಜಿ. ಮೊದಲು ಅನ್ನಯ್ಯನ ಮುಖ ನೋಡಿದಳು. ಎದುರಿಗೆ ನಿಂತವಳು ನನ್ನ ತಾಯಿ ಎನ್ನಬಹುದೋ ಬೇಡವೋ ಎಂದು ಕೇಳುವ ಹಾಗೆ. ಇಷ್ಟೆಲ್ಲ ಆದದ್ದರಲ್ಲಿ ನನ್ನನ್ನು ಇವತ್ತಿಗೂ ಬಿಡದೆ ಇರುವುದು ಆ ಒಂದು ನೋಟ.

ಪಾದ್ರಿಗಳೂ ಅಲ್ಲೇ ಇದ್ದರು. ಅನ್ನಯ್ಯ ಅವಸರದಲ್ಲಿ ಅವರ ಹತ್ತಿರ ಹೋಗಿ ಇವಳು ಹುಡುಗಿಗೆ ದೂರದ ಸಂಬಂಧ, ಚಿಕ್ಕಮ್ಮ ಇರಬೇಕು ಎಂದ. ಅಷ್ಟು ತೆಲುಗು ಮಲ್ಲಮ್ಮನಿಗೆ ಬರುತ್ತದೆ. ಎದೆಯ ಮೇಲೆ ಕೈಯಿಟ್ಟುಕೊಂಡು ಅಂಗಳ ನಡುಗುವಂತೆ ಕೂಗಿದಳು, "ನೇನೇ ತಲ್ಲಿನಿ!" ನಾನೇ ತಾಯಿ! ಆಮೇಲೆ ಮಗಳ ಕಡೆ ಕೈ ಚಾಚಿ ತನ್ನ ಮಾತಿನಲ್ಲಿ ಕರೆದಳು, "ಬಾ ಯವ್ವ, ಯಾರಿಗೂ ಅಂಜಬ್ಯಾಡ." ಆಗ ಓಡಿ ಬಂದಳು ನೋಡಿ ಹುಡುಗಿ. ಬಂದ ರಭಸಕ್ಕೆ ಇಬ್ಬರೂ ನೆಲಕ್ಕೆ ಬಿದ್ದರು. ಹಾಡು ನಿಂತಿತ್ತು. ಉಳಿದ ಮಕ್ಕಳು ಗೇಟಿನ ಕಡೆ ನೋಡತೊಡಗಿದರು, ಇನ್ನೂ ಯಾರಾದರೂ ಬರಬಹುದು ಎನ್ನುವಂತೆ.

ಮಕ್ಕಳ ಕಲ್ಯಾಣದ ಅಧಿಕಾರಿಗಳಿಗೆ ಫೋನ್ ಮಾಡಿದ್ದು ಪಾದ್ರಿಗಳೇ. ನಂಬರನ್ನು ನಾನೇ ಒತ್ತಿಕೊಟ್ಟೆ. ವಿಚಾರಣೆ ಈಗಲೂ ನಡೆದಿದೆ. ನಿಜವಾಗಿಯೂ ಯಾರೂ ಇಲ್ಲದ ಮಕ್ಕಳು ಕೆಲವರು ಇದ್ದರು. ಆದರೆ ಬಹಳ ಮಕ್ಕಳಿಗೆ ತಾಯಿಯೋ, ತಂದೆಯೋ, ಅಜ್ಜಿಯೋ ಎಲ್ಲೋ ಇದ್ದರು. ರೂತ್ ಊರಿಗೆ ಹೋಗಿ ತಮ್ಮ ಚರ್ಚಿನಲ್ಲಿ ನಿಂತು ಎಲ್ಲವನ್ನೂ ಹೇಳಿದರಂತೆ. ಕೆಲವರು ಸಿಟ್ಟಾದರು, ಸುಮ್ಮನೆ ಇರಬಾರದಿತ್ತೇ ಎಂದರು ಎಂದು ಫೋನಿನಲ್ಲಿ ಹೇಳಿದರು. ಭಾಗ್ಯ ಈಗ ಸರ್ಕಾರಿ ವಸತಿ ಶಾಲೆಯಲ್ಲಿದ್ದಾಳೆ. ಭಾನುವಾರ ಮಲ್ಲಮ್ಮ ಹೋಗುತ್ತಾಳೆ. ಒಮ್ಮೊಮ್ಮೆ ನಾನೂ.

ಸುದ್ದಿ ಹಬ್ಬಿದ ಮೇಲೆ ಸ್ವರೂಪ ಎಂಬ ಹುಡುಗಿ ಮನೆಗೆ ಬಂದಳು. ನಿಮಗೆ ನೆನಪಿರಬೇಕು. ಅದೇ ಆಶ್ರಮದಲ್ಲಿ ಬೆಳೆದವಳು, ಈಗ ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಕೋರ್ಸ್ ಮಾಡುತ್ತಿದ್ದಾಳೆ. ನಿಮ್ಮ ಫೋಟೋ ನೋಡಿ ಅತ್ತಳು. "ಅಕ್ಕಾ, ಅಂಕಲ್ ನನ್ನನ್ನು ಒಮ್ಮೆ ಕೇಳಿದ್ದರು" ಎಂದಳು. ಅವಳೂ ಚಿಕ್ಕವಳಿದ್ದಾಗ ಆ ವೇದಿಕೆಯ ಮೇಲೆ ಅದೇ ಮಾತು ಹೇಳಿದ್ದಳಂತೆ. ಕಾರ್ಯಕ್ರಮ ಮುಗಿದ ಮೇಲೆ ನೀವು ಅವಳ ಪಕ್ಕ ಕೂತು ಮೆಲ್ಲಗೆ ಕೇಳಿದಿರಂತೆ, "ನಿಜಂಗಾ ಎವರೂ ಲೇರಾ, ತಲ್ಲೀ?" ನಿಜವಾಗಿಯೂ ಯಾರೂ ಇಲ್ಲವೇ ಎಂದು. ಅನ್ನಯ್ಯ ನಿಮ್ಮ ಬೆನ್ನ ಹಿಂದೆಯೇ ನಿಂತಿದ್ದ. ಅವಳು ಯಾರೂ ಇಲ್ಲ ಎಂದಳು. ಮರುವರ್ಷ ಮತ್ತೆ ಕೇಳಿದಿರಿ. ಮತ್ತೆ ಇಲ್ಲ ಎಂದಳು.

ಅಂದರೆ ನಿಮಗೆ ಅನುಮಾನ ಬಂದಿತ್ತು. ಇದನ್ನು ಕೇಳಿ ಸಮಾಧಾನಪಡಲೋ, ಸಿಟ್ಟಾಗಲೋ, ನನಗೆ ತಿಳಿಯುತ್ತಿಲ್ಲ. ಮಗುವನ್ನು ಕೇಳಿದಿರಿ, ದೊಡ್ಡವರನ್ನು ಯಾಕೆ ಕೇಳಲಿಲ್ಲ, ಅಪ್ಪಾಜಿ? ಅನುಮಾನ ಬಂದ ಮೇಲೂ ಮರುವರ್ಷ ಮೈಕು ಹಿಡಿದು... ಇರಲಿ. ನೀವು ಇದ್ದಿದ್ದರೆ ಜಗಳವಾಡುತ್ತಿದ್ದೆ. ಅದಕ್ಕೂ ನೀವಿಲ್ಲ.

ವಿಚಾರಣೆಯಲ್ಲಿ ಆಶ್ರಮದ ಪುಸ್ತಕದಿಂದ ಊರಿನ ಹೆಸರು ತಿಳಿದು, ಹೋದ ವಾರ ಸ್ವರೂಪ ಸಿದ್ದಿಪೇಟೆ ಕಡೆಯ ತನ್ನ ಹಳ್ಳಿಗೆ ಹೋಗಿದ್ದಳು. ತಾಯಿ ಬಾಗಿಲಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳಂತೆ. ಬ್ಯಾಗು ಹಾಕಿಕೊಂಡ ಹುಡುಗಿಯನ್ನು ನೋಡಿ ಯಾರೋ ಆಫೀಸಿನವಳೆಂದು ಎದ್ದು ನಿಂತು, "ಎವರಮ್ಮಾ ಮೀರು?" ಎಂದಳಂತೆ. ನೀವು ಯಾರಮ್ಮಾ ಎಂದು, ತನ್ನ ಮಗಳನ್ನೇ. ಹೊರದೇಶದವರು ನಿನ್ನ ಮಗಳನ್ನು ಸಾಕಲು ವಿಮಾನದಲ್ಲಿ ಕರೆದುಕೊಂಡು ಹೋದರು, ಇನ್ನು ಬರುವುದಿಲ್ಲ ಎಂದು ಆ ತಾಯಿಗೆ ಹೇಳಿದ್ದರಂತೆ. ಅವಳು ನಂಬಿದ್ದಳು. ಮಗಳು ಎಲ್ಲೋ ಸುಖವಾಗಿದ್ದಾಳೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದಳು.

ಸ್ವರೂಪ ಅಲ್ಲಿಂದಲೇ ನನಗೆ ಫೋನ್ ಮಾಡಿದಳು. ಅಳು, ನಗು, ಹಿಂದೆ ಯಾರದೋ ಗದ್ದಲ. ಕೊನೆಗೆ ಒಂದು ಮಾತು ಹೇಳಿದಳು. ಅದನ್ನು ನಿಮಗೆ ಮುಟ್ಟಿಸುವ ಕೆಲಸ ನನ್ನದು.

"ಅಂಕಲ್ ಎರಡು ಸಲ ಕೇಳಿದ್ದರು, ಅಕ್ಕಾ. ಹೇಳಿಬಿಡಿ ಅವರಿಗೆ. ನನಗೆ ಅಮ್ಮ ಇದ್ದಾಳೆ. ಹೆಸರು ಲಕ್ಷ್ಮಿ."

ನಿಮ್ಮ ಮಗಳು,
ವಿದ್ಯಾ