ಹಗ್ಗಬಂಡಿಯನ್ನು ನಡುಗುಡ್ಡದಲ್ಲಿ ನಿಲ್ಲಿಸಿದವರಿಗೆ

ಗವಿಗುಡ್ಡ ನಗರ, ಮೇಲ್ಪೇಟೆ
ಫೆಬ್ರವರಿ ೩೦, ೨೩೪೧

ಹಗ್ಗಬಂಡಿಯ ಕೊನೆಯ ದಿನ ಕೆಲಸದಲ್ಲಿರುವ ಹಿರಿಯರಿಗೆ ಮೇಲ್ಪೇಟೆಯ ಗುರುಸಿದ್ದವ್ವನ ಶರಣಾರ್ಥಿ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ; ಪಾಪ, ಎಷ್ಟು ಕಾಲ ಗಿಡ್ಡಾಗಿಯೇ ಇತ್ತು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಹಗ್ಗಬಂಡಿಯಲ್ಲಿ ಕೂತು ಗುಡ್ಡ ಹತ್ತುತ್ತಿದ್ದಿರಿ ಎಂಬುದು ಮೊನ್ನೆ ಮೊನ್ನೆಯವರೆಗೆ ನಮಗೆ ಗೊತ್ತೇ ಇರಲಿಲ್ಲ. ನಡುಗುಡ್ಡದಲ್ಲಿ, ಹಳಿ ಎರಡಾಗಿ ಕವಲೊಡೆಯುವಲ್ಲಿ, ಎರಡು ಬಂಡಿಗಳು ಅಕ್ಕಪಕ್ಕ ನಿಂತಿದ್ದವು. ಒಳಗೆ ಮೆಟ್ಟಿಲಿನಂತೆ ಬೆಂಚುಗಳು, ಕಿಟಕಿಗೆ ಕಿಟಕಿ ಎದುರು. ಪೊದೆ ಬೆಳೆದು ಚಕ್ರಗಳೆಲ್ಲ ಮುಚ್ಚಿಹೋಗಿದ್ದವು. ಇದು ಬೀಗರು ಕೂತು ಉಣ್ಣಲು ಕಟ್ಟಿಸಿದ ಮನೆ ಎಂದು ನಮ್ಮ ಅಜ್ಜಿಯರ ಅಜ್ಜಿಯರು ತೀರ್ಮಾನಿಸಿಬಿಟ್ಟರು. ಅಂದಿನಿಂದ ಮೇಲ್ಪೇಟೆಗೂ ಕೆಳಪೇಟೆಗೂ ನೆಂಟಸ್ತನವಾದರೆ ಪ್ರತಿ ಹುಣ್ಣಿಮೆಗೆ ನಡುವೂಟ ನಡೆಯಲೇಬೇಕು. ಹೆಣ್ಣಿನ ಕಡೆಯವರು ಒಂದು ಬಂಡಿಯಲ್ಲಿ, ಗಂಡಿನ ಕಡೆಯವರು ಇನ್ನೊಂದರಲ್ಲಿ ಕೂತು ಕಿಟಕಿಯಿಂದ ಕಿಟಕಿಗೆ ಬುತ್ತಿ ದಾಟಿಸುತ್ತಾರೆ. ಮೇಲಿನವರು ಅರ್ಧ ಇಳಿಯಬೇಕು, ಕೆಳಗಿನವರು ಅರ್ಧ ಹತ್ತಬೇಕು. ಯಾರೂ ಯಾರ ಬಾಗಿಲಿಗೂ ಹೋಗಿ ಸಣ್ಣವರಾಗುವ ಹಾಗಿಲ್ಲ. ಅರ್ಧಕ್ಕರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮಗಳನ್ನು ಕೆಳಪೇಟೆಗೆ ಕೊಟ್ಟ ಮೇಲೆ ನನಗೆ ಬೀಗತಿ ಚಿನ್ನವ್ವ ಗಂಟುಬಿದ್ದರು. ಅವರ ಶೇಂಗಾ ಚಟ್ನಿಯನ್ನು ನಾನು ಎಂದೂ ಹೊಗಳಿಲ್ಲ, ತಿನ್ನದೇ ಬಿಟ್ಟೂ ಇಲ್ಲ.

ಈ ಚಳಿಗಾಲದಲ್ಲಿ ಚಿನ್ನವ್ವನ ಮಂಡಿ ಹಿಡಿದುಕೊಂಡಿತು. ಎರಡು ಹುಣ್ಣಿಮೆ ಎದುರಿನ ಕಿಟಕಿ ಖಾಲಿ. ಬುತ್ತಿ ಬಿಚ್ಚಲೂ ಮನಸ್ಸಾಗಲಿಲ್ಲ. ಅವರಿಲ್ಲದೆ ನನಗೆ ಬಹಳ ಬೇಸರವಾಯಿತು. ತಾಯಿಯನ್ನು ಹೊತ್ತು ತರಲು ದಾರಿ ಮಾಡೋಣವೆಂದು ಅಳಿಯ ಸೋಮಲಿಂಗ ಪೊದೆ ಸವರಿದಾಗ ಚಕ್ರಗಳು ಕಂಡವು, ಹಳಿ ಹಿಡಿದು ಹೋದರೆ ಗುಡ್ಡದ ತುದಿಯಲ್ಲಿ ದೊಡ್ಡ ರಾಟೆ. ನಮ್ಮ ಊಟದ ಮನೆ ಓಡುವ ಬಂಡಿಯಾಗಿತ್ತು. ಒಂದೇ ಹಗ್ಗದ ಎರಡು ತುದಿಗೆ ಎರಡು ಬಂಡಿ. ಮೇಲಿನದಕ್ಕೆ ನೀರು ತುಂಬಿ ಭಾರ ಮಾಡಿದರೆ ಅದು ಇಳಿಯುತ್ತದೆ, ಕೆಳಗಿನದು ತಾನಾಗಿ ಏರುತ್ತದೆ.

ಬಂಡಿ ಓಡಿಸಿದರೆ ನಡುವೂಟ ಮುಗಿದ ಹಾಗೇ ಎಂದು ಊರ ಸಭೆಯಲ್ಲಿ ಗೊಣಗಾಟವೆದ್ದಿತು. ಚಿನ್ನವ್ವ ಮಾತ್ರ ನನಗೆ ಹೇಳಿ ಕಳಿಸಿದರು: "ನಾ ಮ್ಯಾಲೆ ಬರಬೇಕಂದ್ರ ನೀವು ಭಾರ ಆಗಬೇಕಂತ. ಇವತ್ತಿಂದ ಎರಡು ರೊಟ್ಟಿ ಜಾಸ್ತಿ ತಿನ್ರಿ, ಬೀಗರ."

ತಿಂದೆ. ಹೊಸ ಹಗ್ಗ ಬಿಗಿದು, ನಿನ್ನೆ ಹುಣ್ಣಿಮೆಗೆ ನಾನು ತುದಿಯಿಂದ ಇಳಿದೆ, ಅವರು ಬುಡದಿಂದ ಏರಿದರು. ಸೋಮಲಿಂಗ ನಡುವೆ ಬ್ರೇಕು ಹಾಕಿದ. ಕಿಟಕಿಗೆ ಕಿಟಕಿ ಸರಿಯಾಗಿ ಬಂತು. ಚಟ್ನಿ ಚೆನ್ನಾಗಿದೆ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ಓಡಾಟ ಮುಗಿದ ಮೇಲೆ ಒಂದು ಬಂಡಿ ತುದಿಯಲ್ಲಿ, ಇನ್ನೊಂದು ಬುಡದಲ್ಲಿ ನಿಲ್ಲಬೇಕೆಂದು ನಿಮ್ಮಲ್ಲಿ ಕಟ್ಟಳೆ ಇದ್ದೀತು. ಹಾಗೆ ನಿಂತಿದ್ದರೆ ನಾವೂ ಮೇಲಿನವರು, ಕೆಳಗಿನವರು ಆಗಿಯೇ ಉಳಿಯುತ್ತಿದ್ದೆವು. ನೀವೇಕೆ ನಡುವೆ ನಿಲ್ಲಿಸಿದಿರೋ ನಮಗೆ ತಿಳಿಯದು. ನಿಮಗೂ ಇನ್ನೂ ತಿಳಿದಿರಲಿಕ್ಕಿಲ್ಲ. ಆ ದಿನ ಬಂದಾಗ ಮರೆಯದೆ ಅಲ್ಲೇ ನಿಲ್ಲಿಸಿ. ಮನೆಗೆ ಅರ್ಧ ಗುಡ್ಡ ನಡೆದೇ ಹೋಗಬೇಕಾಗುತ್ತದೆ. ಅದೊಂದು ಕಷ್ಟ ನಮಗಾಗಿ ಪಡಿ.