ಸೆರಗಿನೊಳಗಿನ ಮುಖ

ಮಂಗಳವಾರ, 11 ಫೆಬ್ರುವರಿ. ಸವಣೂರು.

‘ಕತ್ತಲೆ ತನ್ನಲ್ಲಿಟ್ಟಿದ್ದನ್ನು ಕಳೆಯುವುದಿಲ್ಲ’ ಅಂತಲೋ ಏನೋ ಒಂದು ಸಾಲು. ಎಲ್ಲಿ ಓದಿದ್ದೋ ನೆನಪಿಲ್ಲ. ಬರೆದವರು ಎಂದೂ ಫೋಟೊ ಪ್ರಿಂಟ್ ಹಾಕಿಸಿರಲಿಕ್ಕಿಲ್ಲ.

ಅವ್ವನ ವರ್ಷದ ಕಾರ್ಯಕ್ಕೆಂದು ದೊಡ್ಡದು ಮಾಡಿಸಿದ ಫೋಟೊ ಇವತ್ತು ಬಂತು. ಕಪ್ಪು ಚಂದ್ರಕಾಳಿ ಸೀರೆಯಲ್ಲಿ ಅವ್ವ, ಸೆರಗಿನ ನೆರಳಲ್ಲಿ ನನ್ನ ಬೆನ್ನಿಗೆ ಹುಟ್ಟಿದ ತಂಗಿ. ಎರಡೇ ತಿಂಗಳು ಬದುಕಿದ ಅವಳದು ಇದೊಂದೇ ಫೋಟೊ.

ಭಾನುವಾರ ಅಣ್ಣನೂ ನಾನೂ ಸ್ಟುಡಿಯೊದಲ್ಲಿ ಒಟ್ಟಿಗೇ ಕೂತಿದ್ದೆವು. ಸ್ಟುಡಿಯೊದ ಗುಲ್ನಾಜ ಬಿಡಿಸಿ ಹೇಳಿದಳು: “ಪ್ರಿಂಟರಿನ ಕಪ್ಪು ಸ್ಕ್ರೀನಿನಷ್ಟು ಆಳ ಇಲ್ರಿ. ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ ಹಾಕಿದ್ರ ಎಲ್ಲಾ ಕಪ್ಪೂ ಸ್ವಲ್ಪ ಸ್ವಲ್ಪ ಮ್ಯಾಲೆ ಬರ್ತಾವು. ಸೀರಿ ಮಾಸತೈತಿ, ಕೂಸಿನ ಮಾರಿ ಉಳೀತೈತಿ. ತಗದ್ರ ಸೀರಿ ಗಟ್ಟಿ ಕಪ್ಪು, ಕೂಸು ಅದರಾಗ ಮುಳಗತೈತಿ.”

“ಸೀರಿ ಮಾಸಿದ್ರ ಮಾಸ್ಲಿ” ಎಂದವನು ಅಣ್ಣನೇ. ನನ್ನ ಕಣ್ಣು ತುಂಬಿತ್ತು.

ಇವತ್ತು ಕಾಗದ ಬಿಚ್ಚಿದರೆ ಸೆರಗು ಬರೀ ಕಪ್ಪು.

“ಅಣ್ಣಾರ ಫೋನ್ ಮಾಡಿ ಅದನ್ನ ತಗಸಿದ್ರಲ್ರೀ. ನಿಮಗೂ ಹೇಳೇನಿ ಅಂದ್ರು” ಎಂದಳು ಗುಲ್ನಾಜ, ಫೋನ್ ಮಾಡಿ ಕೇಳಿದರೆ.

ಅಣ್ಣ ಅಲ್ಲಗಳೆಯಲಿಲ್ಲ. “ಬಂದೋರೆಲ್ಲ ಯಾರ ಕೂಸು ಅಂತ ಕೇಳ್ತಾರ. ಎಷ್ಟ ಮಂದಿಗೆ ಹೇಳ್ಕೋತ ಕುಂದ್ರೂದು?”

ಇನ್ನೊಂದು ಪ್ರಿಂಟ್ ಹಾಕಿಸಬಹುದು. ಅದಲ್ಲ. ಅವನು ಅವಳನ್ನು ಎತ್ತಿ ಆಡಿಸಿದವನು, ಅವನಿಗೆ ಆ ಮುಖ ನೆನಪಿದೆ. ನನಗೆ ಈ ಫೋಟೊದ ಹೊರಗೆ ಅವಳು ಎಲ್ಲೂ ಇಲ್ಲ. ಅದು ಅವನಿಗೆ ಗೊತ್ತಿದ್ದೂ…

ಸಂಜೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಮರಿಯಮಬಿ ಬಾಗಿಲಲ್ಲೇ ನಿಂತು ಗೋಡೆಗೆ ಹಾಕಿದ ಫೋಟೊದತ್ತ ನೋಡಿದಳು. ಈ ಓಣಿಗೆ ಹೊಸಬಳು, ಅವಳಿಗೆ ಯಾವುದೂ ಗೊತ್ತಿಲ್ಲ.

“ಅವ್ವಾರು ಕೈ ಹ್ಯಾಂಗ ಹಿಡದಾರ ನೋಡ್ರಿ ಅಕ್ಕಾ” ಎಂದಳು. “ಕೂಸಿಗೆ ಈಗ ನಿದ್ದಿ ಹತ್ತೇತಿ ಅನ್ನಂಗ.”